ಉಪ್ಸಾಲದಲ್ಲಿ ಸಂಶೋಧನೆಯ ಅವಕಾಶ

ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರು ದೂರದಲ್ಲಿ, ಫೂರಿಸ್ ಎಂಬ ಸಣ್ಣ ನದಿಯ ಎರಡು ದಡಗಳಲ್ಲಿ ಹಬ್ಬಿಕೊಂಡಿರುವ ಉಪ್ಸಾಲ ನಗರದಲ್ಲಿ 1477ರಷ್ಟು ಹಿಂದೆಯೇ, ಅಂದರೆ ನಮ್ಮ ವಿಜಯನಗರದಲ್ಲಿ ಸಂಗಮ ವಂಶದ ಆಳ್ವಿಕೆ ತನ್ನ ಕಡೆಯ ದಿನಗಳನ್ನು ಕಾಣುತ್ತಿದ್ದ ಕಾಲದಲ್ಲಿ, ಸ್ಥಾಪಿತವಾದ ವಿಶ್ವವಿದ್ಯಾನಿಲಯವೊಂದಿದೆ; ನಾರ್ಡಿಕ್ ರಾಷ್ಟ್ರಗಳಲ್ಲೆಲ್ಲ ಅದೇ ಅತ್ಯಂತ ಪ್ರಾಚೀನವಾದುದು. ಈ ವಿದ್ಯಾಪೀಠದ ವಿಷಯವನ್ನು ಕನ್ನಡದ ಓದುಗರ ಮುಂದಿಡುವುದಕ್ಕೆ ಒಂದು ವಿಶೇಷ ಕಾರಣವುಂಟು. ಧಾರವಾಡ, ಮೈಸೂರು, ಶಿವಮೊಗ್ಗ, ಕಲಬುರಗಿಗಳಲ್ಲಿ ಜೀವರಸಾಯನವನ್ನೋ ಗಣಕವಿಜ್ಞಾನವನ್ನೋ ಶ್ರದ್ಧೆಯಿಂದ ಅಭ್ಯಸಿಸಿ ಸ್ನಾತಕೋತ್ತರ ಪದವಿಯನ್ನು ಪಡೆದ ತರುಣ ತರುಣಿಯರಲ್ಲಿ ಅನೇಕರು, ವಿದೇಶದಲ್ಲಿ ಸಂಶೋಧನೆ ನಡೆಸುವುದೆಂದರೆ ಸಿರಿವಂತರ ಮಕ್ಕಳಿಗೆ ಮಾತ್ರ ಸಾಧ್ಯವೆಂದು ಭಾವಿಸಿ, ವಿಚಾರಿಸುವುದಕ್ಕೆ ಮೊದಲೇ ಆಸೆಯನ್ನು ಬಿಟ್ಟುಬಿಡುತ್ತಾರೆ. ಉಪ್ಸಾಲದಲ್ಲಿ ಪಿಎಚ್‌.ಡಿ. ವ್ಯಾಸಂಗಕ್ಕೆ ಬೋಧನಶುಲ್ಕವಿಲ್ಲ, ಅಷ್ಟೇ ಅಲ್ಲ, ಸಂಶೋಧನ ವಿದ್ಯಾರ್ಥಿಯನ್ನು ಸಾಮಾನ್ಯವಾಗಿ ವಿಶ್ವವಿದ್ಯಾನಿಲಯದ ನೌಕರನನ್ನಾಗಿಯೇ ನೇಮಿಸಿಕೊಂಡು ತಿಂಗಳು ತಿಂಗಳಿಗೆ ಸಂಬಳ ಕೊಡುತ್ತಾರೆ. ಈ ಒಂದು ಸಂಗತಿ ನಮ್ಮ ಕಾಲೇಜುಗಳಲ್ಲಿ ಎಷ್ಟು ಮಂದಿಗೆ ತಿಳಿದಿದೆ? ತಿಳಿಯದಿರುವುದರಿಂದ ಆಗುತ್ತಿರುವ ನಷ್ಟ ನನ್ನ ಮನಸ್ಸಿಗೆ ನಿಜವಾಗಿಯೂ ಕಷ್ಟವನ್ನು ಉಂಟುಮಾಡುತ್ತದೆ.

ಗಣಕವಿಜ್ಞಾನವೂ ಜೀವವಿಜ್ಞಾನವೂ ಒಂದನ್ನೊಂದು ಕೂಡುವ ಕ್ಷೇತ್ರದಲ್ಲಿ ಕೆಲಸಮಾಡಬಯಸುವವರಿಗೆ ಈ ಊರು ಏಕೆ ಪ್ರಶಸ್ತವೆಂಬುದನ್ನು ಅರಿಯಬೇಕಾದರೆ ಅದರ ಇತಿಹಾಸವನ್ನು ಸ್ವಲ್ಪ ನೋಡಬೇಕು. 1741ರಲ್ಲಿ ಇಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾದ ಕಾರ್ಲ್ ಲಿನೇಯಸ್ಸನು ಸಸ್ಯಗಳಿಗೂ ಪ್ರಾಣಿಗಳಿಗೂ ಎರಡು ಪದಗಳ ಹೆಸರನ್ನಿಡುವ ಪದ್ಧತಿಯನ್ನು ನೆಲೆಗೊಳಿಸಿದವನೆಂಬುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಆದರೆ ದೇಶದೇಶಾಂತರಗಳಿಂದ ಬಂದು ರಾಶಿಬಿದ್ದ ಮಾಹಿತಿಯನ್ನು ಕಟ್ಟಿದ ಪುಸ್ತಕಗಳಲ್ಲಿ ಬರೆದಿಟ್ಟರೆ ನಡುವೆ ಹೊಸದನ್ನು ಸೇರಿಸುವುದು ಅಸಾಧ್ಯವಾಗುವುದೆಂದು ಕಂಡುಕೊಂಡ ಆತನು, ತನ್ನ ಜೀವನದ ಉತ್ತರಾರ್ಧದಲ್ಲಿ, ಒಂದೇ ಅಳತೆಯ ಬಿಡಿ ಕಾಗದದ ಚೀಟಿಗಳಲ್ಲಿ ಒಂದೊಂದು ಜೀವಜಾತಿಯ ವಿವರವನ್ನು ಬರೆದು, ಬೇಕಾದಂತೆ ಜೋಡಿಸುವ, ಬೇಕಾದಾಗ ಬದಲಿಸುವ ಕ್ರಮವನ್ನು ಕೈಗೊಂಡನೆಂಬುದು ಅಷ್ಟು ಪ್ರಸಿದ್ಧವಲ್ಲ. ಜೀವರಾಶಿಯ ಅಧ್ಯಯನವು ಮಾಹಿತಿಯ ವ್ಯವಸ್ಥೆಯನ್ನು ಅವಲಂಬಿಸಿದೆಯೆಂಬ ತಿಳಿವಳಿಕೆ ಅಲ್ಲಿ ಯಂತ್ರಗಣಕಗಳು ಹುಟ್ಟುವುದಕ್ಕೆ ಎರಡು ಶತಮಾನಗಳಷ್ಟು ಹಿಂದೆಯೇ ಮೂಡಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಇದೇ ಊರಿನ ಥೇ ಸ್ವೇದ್‌ಬೆರಿ ಅತಿವೇಗದ ಅಪಕೇಂದ್ರ ಯಂತ್ರವನ್ನು ನಿರ್ಮಿಸಿದನು. 1926ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವನದು. ಅವನ ಶಿಷ್ಯನಾದ ಆರ್ನೆ ತಿಸೇಲಿಯಸ್ ವಿದ್ಯುತ್ಕ್ಷೇತ್ರದ ಬಲದಿಂದ ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸುವ ವಿಧಾನವನ್ನು ಪರಿಷ್ಕರಿಸಿ 1948ರಲ್ಲಿ ಅದೇ ಪಾರಿತೋಷಕವನ್ನು ಪಡೆದನು. ಲುಪ್ತವಾದ ಮಾನವ ಜಾತಿಗಳ ವಂಶವಾಹಿಗಳನ್ನು ಓದಿ 2022ರಲ್ಲಿ ನೊಬೆಲ್ ಗಳಿಸಿದ ಸ್ವಾಂತೆ ಪೇಬೊ ಕೂಡ ಉಪ್ಸಾಲದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದವರೇ. ಅವರಿಗೆ ಒಪ್ಪಿಸಿದ್ದ ವಿಷಯ ಒಂದು ವೈರಸ್ಸಿನ ಪ್ರೋಟೀನು. ಅದರ ಜೊತೆಜೊತೆಯಲ್ಲಿ, ಮಾರ್ಗದರ್ಶಕರಿಗೂ ಹೇಳದೆ, ಈಜಿಪ್ತಿನ ಮಮ್ಮಿಗಳಿಂದ ಡಿ.ಎನ್.ಎ. ತೆಗೆಯುವ ಪ್ರಯತ್ನವನ್ನು ನಡೆಸಿ 1985ರಲ್ಲಿ ಅದನ್ನು ಪ್ರಕಟಿಸಿದರು. ಅಷ್ಟು ಸ್ವಾತಂತ್ರ್ಯಕ್ಕೆ ಎಡೆಗೊಡುವ ವಾತಾವರಣ ತರುಣ ಸಂಶೋಧಕನಿಗೆ ಎಂತಹ ಭಾಗ್ಯವೆಂಬುದನ್ನು ವಿವರಿಸಬೇಕಾಗಿಲ್ಲ.

ನಮಗೂ ಉಪ್ಸಾಲಕ್ಕೂ ಇರುವ ಒಂದು ಸಂಬಂಧವನ್ನು ಇಲ್ಲಿ ನೆನೆಯುವುದು ಯುಕ್ತವಾಗಿದೆ. ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ಬಾಗಬಲ್ಲುದು, ಯಾವುದರಲ್ಲಿ ಬಾಗಲಾರದು ಎಂಬುದನ್ನು ತೋರಿಸುವ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಮದರಾಸಿನಿಂದ ಪ್ರಕಟಿಸಿದರಷ್ಟೆ. ಮುಂದೆ ಅವರೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು. ಪ್ರೋಟೀನುಗಳ ಆಕಾರವನ್ನು ಗಣಕದ ತೆರೆಯ ಮೇಲೆ ರೂಪಿಸುವ ‘ಓ’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದ ಉಪ್ಸಾಲದ ಆಲ್ವಿನ್ ಜೋನ್ಸ್, ಗೆರಾರ್ಡ್ ಕ್ಲೈವೆಖ್ತ್ ಎಂಬ ಸಹೋದ್ಯೋಗಿಯೊಡನೆ ಸೇರಿ 1996ರಲ್ಲಿ, ಅಂದಿಗೆ ನಿಖರವಾಗಿ ತಿಳಿದಿದ್ದ ನೂರಾರು ಪ್ರೋಟೀನುಗಳ ರಚನೆಗಳನ್ನಿಟ್ಟುಕೊಂಡು ರಾಮಚಂದ್ರನ್ ನಕ್ಷೆಯನ್ನು ಪುನಃ ಪರಿಶೀಲಿಸಿ, ಅದರ ಸೀಮೆಗಳನ್ನು ಹೊಸದಾಗಿ ಗುರುತಿಸಿದರು. ಇಂದು ಯಾವ ದೇಶದಲ್ಲಿ ಯಾರೇ ಹೊಸ ಪ್ರೋಟೀನಿನ ರಚನೆಯನ್ನು ಬಿಡಿಸಿದರೂ ಅದು ಸರಿಯೇ ತಪ್ಪೇ ಎಂದು ನೋಡುವ ಮೊದಲ ಪರೀಕ್ಷೆಗಳಲ್ಲಿ ಈ ನಕ್ಷೆಯೊಂದು. ಮತ್ತೊಂದು ಉದಾಹರಣೆ: ಮನುಷ್ಯನ ದೇಹದ ಯಾವ ಅಂಗದಲ್ಲಿ ಯಾವ ಪ್ರೋಟೀನು ಇದೆಯೆಂಬುದನ್ನು ಚಿತ್ರಗಳ ಮೂಲಕ ತೋರಿಸುವ ಮಾನವ ಪ್ರೋಟೀನ್ ಅಟ್ಲಾಸ್ ಎಂಬ ಮಹಾಕಾರ್ಯ 2003ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದಾಗ, ಅಂಗಾಂಶಗಳ ಕೆಲಸ ಉಪ್ಸಾಲದಲ್ಲಿ ನಡೆಯಿತು, ಆ ಲಕ್ಷಾಂತರ ಚಿತ್ರಗಳನ್ನು ಒಂದೊಂದಾಗಿ ನೋಡಿ ಟಿಪ್ಪಣಿ ಬರೆದವರಲ್ಲಿ ಮುಂಬಯಿಯ ರೋಗಶಾಸ್ತ್ರಜ್ಞರ ಪಾಲು ಬಹು ದೊಡ್ಡದು.

ಇಂದಿನ ಸ್ಥಿತಿ ಹೀಗಿದೆ. ಜೀವವಿಜ್ಞಾನದ ಬಹುಭಾಗ ಬಯೊಮೆಡಿಕಲ್ ಸೆಂಟರಿನಲ್ಲಿಯೂ ವಿಕಾಸಜೀವಶಾಸ್ತ್ರದ ಕೇಂದ್ರದಲ್ಲಿಯೂ, ಕ್ಯಾನ್ಸರ್ ಮತ್ತು ರೋಗಶಾಸ್ತ್ರದ ಕೆಲಸ ರುದ್‌ಬೆಕ್ ಪ್ರಯೋಗಮಂದಿರದಲ್ಲಿಯೂ, ಗಣಿತ, ಭೌತಶಾಸ್ತ್ರ, ಗಣಕವಿಜ್ಞಾನಗಳು ಆಂಗ್‌ಸ್ಟ್ರಾಮ್ ಪ್ರಯೋಗಮಂದಿರದಲ್ಲಿಯೂ ನಡೆಯುತ್ತವೆ. ದೊಡ್ಡ ಲೆಕ್ಕಗಳಿಗೆ ಉಪ್‌ಮ್ಯಾಕ್ಸ್ ಎಂಬ ಮಹಾಗಣಕ ಕೇಂದ್ರವಿದೆ. 1988ರಷ್ಟು ಹಿಂದೆಯೇ ಸ್ಥಾಪಿತವಾದ ಚಿತ್ರವಿಶ್ಲೇಷಣ ಕೇಂದ್ರದ ಪರಂಪರೆಯಲ್ಲಿ ಸೂಕ್ಷ್ಮದರ್ಶಕದ ಚಿತ್ರಗಳಿಂದ ಜೀವಕೋಶಗಳನ್ನು ಎಣಿಸಿ ವರ್ಗೀಕರಿಸುವ ವಿಧಾನಗಳು ಬೆಳೆದುಬಂದಿವೆ. ಅಣುಗಳ ಚಲನೆಯನ್ನು ಗಣಕದಲ್ಲಿ ಅನುಕರಿಸುವ ಗ್ರೋಮ್ಯಾಕ್ಸ್ ಎಂಬ ಜಗತ್ಪ್ರಸಿದ್ಧ ತಂತ್ರಾಂಶದ ಕರ್ತೃಗಳಲ್ಲಿ ಒಬ್ಬರಾದ ಡೇವಿಡ್ ವಾನ್ ಡರ್ ಸ್ಪೂಲ್ ಇಲ್ಲಿಯ ಪ್ರಾಧ್ಯಾಪಕರು. 2005ರಲ್ಲಿ ನಾಯಿಯ ಜೀನೋಮನ್ನು ಪ್ರಕಟಿಸಿದ ತಂಡದ ಮುಂದಾಳು ಕೆರ್ಸ್ತಿನ್ ಲಿಂದ್‌ಬ್ಲಾದ್ ತೋ ಅವರ ಕಾರ್ಯಕ್ಷೇತ್ರವೂ ಇದೇ. 2010ರಲ್ಲಿ ಸ್ಟಾಕ್‌ಹೋಮಿನ ಮೂರು ವಿದ್ಯಾಸಂಸ್ಥೆಗಳೂ ಉಪ್ಸಾಲವೂ ಸೇರಿ ಕಟ್ಟಿದ ಸೈಲೈಫ್‌ಲ್ಯಾಬ್ ಈಗ ಇಡೀ ರಾಷ್ಟ್ರಕ್ಕೆ ಸೇರಿದ ಸಂಶೋಧನ ವ್ಯವಸ್ಥೆಯಾಗಿದೆ. ಇವೆಲ್ಲಕ್ಕೂ ಹೊಸ ವೇಗವನ್ನು ಕೊಟ್ಟದ್ದು 2020ರಲ್ಲಿ ಪ್ರಕಟವಾದ ಒಂದು ದಾನ: ವಾಲೆನ್‌ಬೆರಿ ಪ್ರತಿಷ್ಠಾನವು ದತ್ತಾಂಶಾಧಾರಿತ ಜೀವವಿಜ್ಞಾನಕ್ಕೆಂದು 12 ವರ್ಷಗಳ ಅವಧಿಗೆ 310 ಕೋಟಿ ಕ್ರೋನಗಳನ್ನು ಮೀಸಲಿಟ್ಟಿತು. ಜೀವಕೋಶ ಮತ್ತು ಅಣುಜೀವಶಾಸ್ತ್ರ, ವಿಕಾಸ ಮತ್ತು ಜೀವವೈವಿಧ್ಯ, ವ್ಯಕ್ತಿಗೆ ತಕ್ಕ ನಿಖರ ಚಿಕಿತ್ಸೆ ಮತ್ತು ರೋಗನಿರ್ಣಯ, ಸಾಂಕ್ರಾಮಿಕ ರೋಗಗಳು ಎಂಬ ನಾಲ್ಕು ಕ್ಷೇತ್ರಗಳಲ್ಲಿ, ಸ್ವೀಡನ್ನಿನ ಹತ್ತು ವಿಶ್ವವಿದ್ಯಾನಿಲಯಗಳೂ ಅಲ್ಲಿಯ ಪ್ರಕೃತಿ ಇತಿಹಾಸದ ವಸ್ತುಸಂಗ್ರಹಾಲಯವೂ ಸೇರಿ ನಡೆಸುವ ಈ ಕಾರ್ಯಕ್ರಮಕ್ಕೆ ತನ್ನದೇ ಆದ ಸಂಶೋಧನ ಶಾಲೆಯಿದೆ. ಅದರ ಸ್ಥಾನಗಳಿಗೆ ಗಣಕ ಬಲ್ಲ ಜೀವವಿಜ್ಞಾನಿಯೂ ಜೀವಶಾಸ್ತ್ರದಲ್ಲಿ ಆಸಕ್ತನಾದ ಗಣಕವಿಜ್ಞಾನಿಯೂ ಸಮಾನವಾಗಿ ಅರ್ಹರು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ಸಂಶೋಧನೆಗೆ ಹೋಗುವವನು ಮೊದಲು ನೆಟ್ ಪರೀಕ್ಷೆಗೆ ಕುಳಿತು ಜೆ.ಆರ್.ಎಫ್. ಗಳಿಸುತ್ತಾನೆ, 2023ರ ಪರಿಷ್ಕರಣದ ಮೇಲೆ ತಿಂಗಳಿಗೆ 37,000 ರೂಪಾಯಿಯಾದ ಆ ಫೆಲೋಶಿಪ್ ಅವನ ಹೆಸರಿನಲ್ಲಿರುತ್ತದೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ಆತನು ಗೈಡನ್ನು ಹುಡುಕುತ್ತಾನೆ. ಸ್ವೀಡನ್ನಿನಲ್ಲಿ ಕ್ರಮ ಇದಕ್ಕೆ ವಿಪರ್ಯಸ್ತವಾದುದು. ಅಲ್ಲಿ ಪ್ರಾಧ್ಯಾಪಕನೊಬ್ಬನು ಒಂದು ನಿರ್ದಿಷ್ಟ ಪ್ರಶ್ನೆಯನ್ನಿಟ್ಟುಕೊಂಡು ಸರ್ಕಾರದ ಸಂಶೋಧನ ಮಂಡಳಿಯಿಂದಲೋ, ಪ್ರತಿಷ್ಠಾನದಿಂದಲೋ, ಯುರೋಪಿಯನ್ ಒಕ್ಕೂಟದಿಂದಲೋ ಹಣವನ್ನು ಪಡೆದ ಮೇಲೆ, ಆ ಪ್ರಶ್ನೆಯ ಮೇಲೆ ನಾಲ್ಕು ವರ್ಷ ದುಡಿಯಬಲ್ಲ ಒಬ್ಬರು ಬೇಕೆಂದು ವಿಶ್ವವಿದ್ಯಾನಿಲಯ ಬಹಿರಂಗವಾಗಿ ಜಾಹೀರಾತು ಕೊಡುತ್ತದೆ. ಹಣ ಪ್ರಶ್ನೆಯನ್ನು ಆಶ್ರಯಿಸಿದೆ, ವ್ಯಕ್ತಿಯನ್ನಲ್ಲ. ಆದಕಾರಣ ಅಲ್ಲಿಗೆ ಹೋಗಬಯಸುವವನು ಮೊದಲು ಹುಡುಕಬೇಕಾದುದು ಫೆಲೋಶಿಪ್ಪನ್ನಲ್ಲ, ತಾನು ನಾಲ್ಕು ವರ್ಷ ಬೇಸರವಿಲ್ಲದೆ ಬೆನ್ನುಹತ್ತಬಲ್ಲ ಪ್ರಶ್ನೆಯನ್ನು. ಈ ವ್ಯತ್ಯಾಸವನ್ನು ಮನಗಾಣದೆ, ‘ಮಾನ್ಯರೇ, ತಮ್ಮ ಪ್ರಯೋಗಾಲಯದಲ್ಲಿ ಯಾವುದಾದರೂ ಫೆಲೋಶಿಪ್ ದಯಪಾಲಿಸಿ’ ಎಂಬ ಒಂದೇ ಒಕ್ಕಣೆಯ ಪತ್ರವನ್ನು ನೂರಾರು ಪ್ರಾಧ್ಯಾಪಕರಿಗೆ ಕಳುಹಿಸಿ, ಉತ್ತರ ಬಾರದೆ ಎದೆಗುಂದಿದ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಅವರ ಯೋಗ್ಯತೆಯಲ್ಲಿ ಕೊರತೆಯಿರಲಿಲ್ಲ. ಯಾರ ಮನೆಯಲ್ಲಿ ಯಾವ ಕೆಲಸ ನಡೆದಿದೆಯೆಂದು ನೋಡದೆ ಎಲ್ಲ ಬಾಗಿಲುಗಳನ್ನೂ ತಟ್ಟಿದಂತಾಗಿತ್ತು, ಅಷ್ಟೆ.

ನೇಮಕದ ನಿಬಂಧನೆಗಳನ್ನು ಸ್ವಲ್ಪ ವಿಸ್ತಾರವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಪೂರ್ಣಾವಧಿಯ ಸಂಶೋಧನೆಗೆ ನಾಲ್ಕು ವರ್ಷಗಳು. ವಿದ್ಯಾರ್ಥಿ ತನ್ನ ಕಾಲದ ಶೇಕಡ 20ರವರೆಗೆ ಬೋಧನೆಯೇ ಮೊದಲಾದ ವಿಭಾಗದ ಕೆಲಸಗಳನ್ನು ಮಾಡಬಹುದು. ಹಾಗೆ ಮಾಡಿದರೆ ಅವಧಿ ಐದು ವರ್ಷಗಳವರೆಗೆ ಬೆಳೆಯುತ್ತದೆ. ಮೊದಲ ನೇಮಕ ಹೆಚ್ಚೆಂದರೆ ಒಂದು ವರ್ಷಕ್ಕೆ, ಆಮೇಲೆ ಒಂದು ಸಲಕ್ಕೆ ಎರಡು ವರ್ಷಗಳಿಗೆ ಮೀರದಂತೆ ನವೀಕರಣ. ಆರಂಭದ ಸಂಬಳ, ತೆರಿಗೆ ಕಳೆಯುವುದಕ್ಕೆ ಮುಂಚೆ, ತಿಂಗಳಿಗೆ ಮೂವತ್ತು ಸಾವಿರ ಕ್ರೋನಗಳಿಗೆ ಮೇಲ್ಪಟ್ಟು ಇರುತ್ತದೆ. ಕೆಲಸ ಮುಂದುವರಿದಂತೆ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ನೌಕರನಾದುದರಿಂದ ಸಂಬಳಸಹಿತವಾದ ವಾರ್ಷಿಕ ರಜೆ, ಕಾಯಿಲೆಯ ರಜೆ, ನಿವೃತ್ತಿವೇತನದ ವಂತಿಗೆ, ಮಗು ಹುಟ್ಟಿದರೆ ತಂದೆತಾಯಿಗಳಿಬ್ಬರೂ ಹಂಚಿಕೊಳ್ಳಬಹುದಾದ ರಜೆ, ಇವೆಲ್ಲ ಸಲ್ಲುತ್ತವೆ. ಮದುವೆಯಾಗಿ ಮಗುವುಳ್ಳ ತರುಣಿಯೊಬ್ಬಳು ಸಂಶೋಧನೆಯನ್ನು ಕೈಬಿಡಬೇಕಾದ ಅನಿವಾರ್ಯತೆ ಅಲ್ಲಿ ಇಷ್ಟರಮಟ್ಟಿಗೆ ಕಡಮೆಯಾಗುತ್ತದೆಂಬುದನ್ನು ನಾನು ಈ ವ್ಯವಸ್ಥೆಯ ಅತ್ಯುತ್ತಮ ಗುಣವೆಂದು ಎಣಿಸುತ್ತೇನೆ. ಪ್ರತಿಯೊಬ್ಬರಿಗೂ ಕನಿಷ್ಠಪಕ್ಷ ಇಬ್ಬರು ಮಾರ್ಗದರ್ಶಕರಿರಬೇಕು. ಏನನ್ನು ಯಾವಾಗ ಮಾಡಬೇಕೆಂಬ ವೈಯಕ್ತಿಕ ಅಧ್ಯಯನ ಯೋಜನೆ ಲಿಖಿತರೂಪದಲ್ಲಿರಬೇಕು. ಅದನ್ನು ಕಾಲಕಾಲಕ್ಕೆ ಪರಿಶೀಲಿಸಬೇಕು. ಒಬ್ಬನೇ ಗೈಡಿನ ಮರ್ಜಿಗೆ ಇಡೀ ಯೌವನವನ್ನು ಒಪ್ಪಿಸಬೇಕಾದ ಭಯ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ.

ಅರ್ಹತೆಯ ವಿಷಯದಲ್ಲಿ ನಮ್ಮವರು ಎಡವುವ ಸ್ಥಳವೊಂದಿದೆ. ಸ್ನಾತಕೋತ್ತರ ಮಟ್ಟದ ಪದವಿ, ಇಲ್ಲವೇ ಒಟ್ಟು 240 ಕ್ರೆಡಿಟ್ಟುಗಳ ವ್ಯಾಸಂಗವಾಗಿ ಅದರಲ್ಲಿ 60ಕ್ಕೆ ಕಡಮೆಯಿಲ್ಲದಂತೆ ಸ್ನಾತಕೋತ್ತರ ಮಟ್ಟದ್ದು, ಹೀಗೆಂದು ನಿಯಮ. ಆದುದರಿಂದ ನಾಲ್ಕು ವರ್ಷಗಳ ಬಿ.ಇ. ಪದವಿ ಮಾತ್ರ ಇರುವವರಿಗೆ ಸಾಮಾನ್ಯವಾಗಿ ಅದು ಸಾಲದು, ಎಂ.ಎಸ್ಸಿ., ಎಂ.ಟೆಕ್., ಅಥವಾ ಐದು ವರ್ಷಗಳ ಏಕೀಕೃತ ಪದವಿ ಬೇಕು. ಇದನ್ನು ಅಲ್ಲಿಯೇ ಹೋಗಿ ಮುಗಿಸುವೆನೆನ್ನುವವರು ನೆನಪಿಡಬೇಕಾದುದು, ಯುರೋಪಿನ ಹೊರಗಿನವರಿಗೆ ಸ್ನಾತಕೋತ್ತರ ವ್ಯಾಸಂಗಕ್ಕೆ 2011ರಿಂದ ಶುಲ್ಕ ಉಂಟು, ಅದು ಭಾರವಾದುದೇ. ಪರಿಶಿಷ್ಟ ಜಾತಿಯೇ ಮೊದಲಾದ ವರ್ಗಗಳ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇಂಥಲ್ಲಿ ದೊಡ್ಡ ಆಸರೆ. 1892ರಿಂದ ನಡೆದುಬಂದಿರುವ ಜೆ. ಎನ್. ಟಾಟಾ ದತ್ತಿಯೂ ಸಾಲದ ರೂಪದಲ್ಲಿ ನೆರವಾಗುತ್ತದೆ. ಆದರೆ ನಮ್ಮಲ್ಲಿಯೇ ಒಳ್ಳೆಯ ಎಂ.ಎಸ್ಸಿ. ಮಾಡಿ, ಆರು ತಿಂಗಳ ಪ್ರಬಂಧದ ಕೆಲಸವನ್ನು ಬೆಂಗಳೂರಿನ ಯಾವುದಾದರೂ ಗಂಭೀರ ಪ್ರಯೋಗಾಲಯದಲ್ಲಿ ಮುಗಿಸಿ ನೇರವಾಗಿ ಪಿಎಚ್‌.ಡಿ.ಗೆ ಹೋಗುವುದೇ ಮಧ್ಯಮ ವರ್ಗದ ಮನೆಗೆ ಹಿತವೆಂದು ನನ್ನ ಅಭಿಪ್ರಾಯ.

ಜಾಹೀರಾತುಗಳು ವಿಶ್ವವಿದ್ಯಾನಿಲಯದ ಉದ್ಯೋಗ ಪುಟದಲ್ಲಿ ವರ್ಷದ ಎಲ್ಲ ಕಾಲಗಳಲ್ಲಿಯೂ ಪ್ರಕಟವಾಗುತ್ತಿರುತ್ತವೆ. ನಮ್ಮಲ್ಲಿಯಂತೆ ವರ್ಷಕ್ಕೊಮ್ಮೆ ಪ್ರವೇಶವೆಂಬ ಪದ್ಧತಿಯಿಲ್ಲ. ಯುರೋಪಿನ ಸಂಶೋಧನ ಹುದ್ದೆಗಳೆಲ್ಲ ಸೇರುವ ಯುರಾಕ್ಸೆಸ್ ತಾಣದಲ್ಲಿಯೂ ಅನೇಕವು ಕಾಣಸಿಗುತ್ತವೆ. ಪ್ರಕಟಣೆಗೂ ಕೊನೆಯ ದಿನಕ್ಕೂ ನಡುವೆ ಮೂರು ನಾಲ್ಕು ವಾರಗಳು ಮಾತ್ರ ಇರುವುದುಂಟಾದ್ದರಿಂದ, ಅಂಕಪಟ್ಟಿ, ಪ್ರಬಂಧದ ಪ್ರತಿ, ಪರಿಚಯ ಪತ್ರ, ಶಿಫಾರಸು ಮಾಡುವವರ ವಿವರ ಇವುಗಳನ್ನು ಮೊದಲೇ ಸಿದ್ಧಪಡಿಸಿಟ್ಟಿರಬೇಕು. ಪ್ರತಿಯೊಂದು ಜಾಹೀರಾತಿನಲ್ಲಿಯೂ ಕಡ್ಡಾಯವಾದ ಅರ್ಹತೆ ಯಾವುದು, ಇದ್ದರೆ ಒಳ್ಳೆಯದೆನ್ನುವ ಅರ್ಹತೆ ಯಾವುದು ಎಂಬುದನ್ನು ಬೇರೆಬೇರೆಯಾಗಿ ಬರೆದಿರುತ್ತಾರೆ. ಬಂದ ಅರ್ಜಿಗಳನ್ನು ಆ ಪಟ್ಟಿಗೆ ಹೋಲಿಸಿಯೇ ಅಳೆಯುತ್ತಾರೆ. ಪೈಥಾನ್ ಅಥವಾ ಆರ್ ಭಾಷೆ ಬರಬೇಕೆಂದಿದ್ದರೆ, ‘ಬರುತ್ತದೆ’ ಎಂದು ಹೇಳಿ ಸುಮ್ಮನಾಗದೆ, ಯಾವ ದತ್ತಾಂಶದ ಮೇಲೆ ಯಾವ ಲೆಕ್ಕವನ್ನು ಹೇಗೆ ಮಾಡಿದಿರೆಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆಯಿರಿ. ಬರೆದ ಸಂಕೇತವನ್ನು ಸಾರ್ವಜನಿಕವಾಗಿ ಇಟ್ಟಿದ್ದರೆ ಅದರ ವಿಳಾಸವನ್ನು ಕೊಡಿ. ನಿಯಮದ ಪ್ರಕಾರ ಆಯ್ಕೆಗೆ ಆಧಾರ, ಸಂಶೋಧನ ಶಿಕ್ಷಣವನ್ನು ಅರಗಿಸಿಕೊಳ್ಳುವ ಸಾಮರ್ಥ್ಯ. ಆ ಸಾಮರ್ಥ್ಯಕ್ಕೆ ಶೇಕಡಾವಾರು ಅಂಕಗಳಿಗಿಂತ ಹೆಚ್ಚಿನ ಸಾಕ್ಷಿ, ಪ್ರಬಂಧದಲ್ಲಿ ನೀವು ಎದುರಿಸಿದ ಒಂದು ಕಷ್ಟವನ್ನೂ ಅದನ್ನು ಬಿಡಿಸಿದ ಬಗೆಯನ್ನೂ ಪ್ರಾಮಾಣಿಕವಾಗಿ ವಿವರಿಸುವ ಒಂದು ಪುಟ. ಮತ್ತೊಂದು ಎಚ್ಚರಿಕೆ: 1766ರಷ್ಟು ಹಿಂದೆಯೇ ಶಾಸನವಾದ ಮುದ್ರಣ ಸ್ವಾತಂತ್ರ್ಯದ ಪರಂಪರೆಯಿಂದಾಗಿ ಸ್ವೀಡನ್ನಿನಲ್ಲಿ ಸರ್ಕಾರಿ ಸಂಸ್ಥೆಗೆ ಬಂದ ಕಾಗದಪತ್ರಗಳು ಸಾಮಾನ್ಯವಾಗಿ ಸಾರ್ವಜನಿಕ ದಾಖಲೆಗಳಾಗುತ್ತವೆ, ನಿಮ್ಮ ಅರ್ಜಿಯನ್ನು ಬೇರೊಬ್ಬರು ಕೇಳಿ ಓದಬಹುದು. ಆದ್ದರಿಂದ ಪ್ರಕಟವಾಗದ ಫಲಿತಾಂಶಗಳನ್ನೂ ಮನೆಯ ಗುಟ್ಟುಗಳನ್ನೂ ಅದರಲ್ಲಿ ಬರೆಯತಕ್ಕದ್ದಲ್ಲ.

ಪಿಎಚ್‌.ಡಿ. ಮುಗಿಸಿದವರ ದಾರಿ ಸ್ವಲ್ಪ ಬೇರೆ. ಪೋಸ್ಟ್‌ಡಾಕ್ ಹುದ್ದೆಗಳೂ ಜಾಹೀರಾತಿನ ಮೂಲಕವೇ ಬರುತ್ತವೆ. ಡಾಕ್ಟರೇಟ್ ಆಗಿ ಮೂರು ವರ್ಷಗಳೊಳಗಿನವರಿಗೆ ಅವುಗಳಲ್ಲಿ ಆದ್ಯತೆ. ಇವಲ್ಲದೆ ನಿಜವಾದ ಅರ್ಥದಲ್ಲಿ ವ್ಯಕ್ತಿಯ ಹೆಸರಿಗೆ ಸಲ್ಲುವ ಫೆಲೋಶಿಪ್ಪುಗಳೂ ಈ ಹಂತದಲ್ಲಿವೆ. ಯುರೋಪಿಯನ್ ಒಕ್ಕೂಟವು ಮೇರಿ ಕ್ಯೂರಿಯ ಹೆಸರಿನಲ್ಲಿ ಕೊಡುವ ಪೋಸ್ಟ್‌ಡಾಕ್ ಫೆಲೋಶಿಪ್ಪಿಗೆ ಯಾವ ದೇಶದವರೂ ಅರ್ಜಿ ಹಾಕಬಹುದು; ಡಾಕ್ಟರೇಟಿನ ನಂತರದ ಸಂಶೋಧನಾನುಭವ ಎಂಟು ವರ್ಷಗಳಿಗೆ ಮೀರಿರಬಾರದು, ಕಳೆದ ಮೂರು ವರ್ಷಗಳಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಸ್ವೀಡನ್ನಿನಲ್ಲಿ ನೆಲೆಸಿರಬಾರದು. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಬರುವುದರಿಂದ ಯುಗಾದಿಯ ಹೊತ್ತಿಗೇ ಉಪ್ಸಾಲದ ಪ್ರಾಧ್ಯಾಪಕರೊಬ್ಬರೊಡನೆ ಪತ್ರವ್ಯವಹಾರ ತೊಡಗಿರಬೇಕು. ವೆನ್ನರ್ ಗ್ರೆನ್ ಮೊದಲಾದ ಸ್ವೀಡನ್ನಿನ ಪ್ರತಿಷ್ಠಾನಗಳಲ್ಲಿ ಅರ್ಜಿಯನ್ನು ಅಲ್ಲಿಯ ಆತಿಥೇಯ ಪ್ರಾಧ್ಯಾಪಕರೇ ಸಲ್ಲಿಸಬೇಕು; ಆದಕಾರಣ ಅವರ ವಿಶ್ವಾಸವನ್ನು ಗಳಿಸದೆ ಆ ಬಾಗಿಲು ತೆರೆಯುವುದಿಲ್ಲ. ತೆರಿಗೆಯಿಲ್ಲದ ಶಿಷ್ಯವೇತನವನ್ನು ಕೊಡುವ ಕೆಲವು ದತ್ತಿಗಳೂ ಇವೆ. ಕೈಗೆ ಬರುವ ಹಣ ಹೆಚ್ಚೆಂದು ತೋರಿದರೂ ನೌಕರನಿಗಿರುವ ರಜೆ, ವಿಮೆ, ನಿವೃತ್ತಿಯ ರಕ್ಷಣೆಗಳು ಅದರಲ್ಲಿ ಇಲ್ಲವೇ ಎಂಬುದನ್ನು ಒಪ್ಪಿಕೊಳ್ಳುವ ಮೊದಲು ಕೇಳಿ ತಿಳಿಯಬೇಕು.

ಊರಿನ ವಿಷಯವಾಗಿ ಎರಡು ಮಾತು. 60ನೆಯ ಅಕ್ಷಾಂಶಕ್ಕೆ ಹತ್ತಿರವಾದುದರಿಂದ ಡಿಸೆಂಬರಿನಲ್ಲಿ ಹಗಲು ಆರು ಗಂಟೆಗಳಷ್ಟೇ. ಮೊದಲ ವರ್ಷ ನಮ್ಮವರ ಮನಸ್ಸು ಕುಗ್ಗುವುದುಂಟು. ವಸತಿಗೆ ಸರದಿಯಲ್ಲಿ ಕಾಯಬೇಕು. ನೇಮಕವಾದ ದಿನವೇ ಹೆಸರು ಬರೆಸುವುದು ಲೇಸು. ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುವುದು ಅಲ್ಲಿಯ ರೂಢಿ. ಅವರ ಮಾತನ್ನು ಎಲ್ಲರೆದುರಿಗೆ ಪ್ರಶ್ನಿಸುವುದು ಅವಿನಯವಲ್ಲ, ವಿದ್ಯಾರ್ಥಿಯಿಂದ ಅವರು ಬಯಸುವುದೇ ಅದನ್ನು. ಕೊನೆಗೆ ಮಹಾಪ್ರಬಂಧ ಸಿದ್ಧವಾದಾಗ, ಚರ್ಚೆಗೆ ಮೂರು ವಾರ ಮುಂಚಿತವಾಗಿ ಅದರ ಪ್ರತಿಯನ್ನು ಮೊಳೆ ಹೊಡೆದು ಫಲಕಕ್ಕೆ ತೂಗುಹಾಕುವ ಹಳೆಯ ಸಂಪ್ರದಾಯ ಇಂದಿಗೂ ನಡೆಯುತ್ತಿದೆ: ಯಾರು ಬೇಕಾದರೂ ಓದಿ ಬಂದು ಪ್ರಶ್ನೆ ಕೇಳಲಿ ಎಂಬುದು ಅದರ ಆಶಯ.

ಈ ಬಹಿರಂಗತೆಯಿಂದ ದೂರದ ನಮಗೂ ಒಂದು ಪ್ರಯೋಜನವುಂಟು. ಉಪ್ಸಾಲದ ಗ್ರಂಥಾಲಯದಲ್ಲಿ ಹುಟ್ಟಿ ಈಗ ಅನೇಕ ವಿದ್ಯಾಸಂಸ್ಥೆಗಳು ಬಳಸುತ್ತಿರುವ ದಿವಾ ಎಂಬ ಭಂಡಾರದಲ್ಲಿ ಅಲ್ಲಿಯ ಮಹಾಪ್ರಬಂಧಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ, ಉಚಿತವಾಗಿ ದೊರೆಯುತ್ತವೆ. ನಾಲ್ಕೈದು ಲೇಖನಗಳ ಮುಂದೆ ಒಂದು ದೀರ್ಘ ಪೀಠಿಕೆಯನ್ನು ಸೇರಿಸಿ ಪ್ರಬಂಧವನ್ನು ಕಟ್ಟುವುದು ವಿಜ್ಞಾನ ವಿಭಾಗಗಳ ವಾಡಿಕೆ. ಆ ಪೀಠಿಕೆ ಕ್ಷೇತ್ರದ ಪರಿಚಯವನ್ನು ಮೊದಲಿನಿಂದ ಮಾಡಿಕೊಡುವುದರಿಂದ ಹೊಸಬನಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಸಿಕ್ಕುವುದು ದುರ್ಲಭ. ಎಂ.ಎಸ್ಸಿ.ಯ ಎರಡನೆಯ ವರ್ಷದಲ್ಲಿರುವವರು ತಮಗೆ ಇಷ್ಟವಾದ ವಿಷಯದ ಒಂದೆರಡು ಪೀಠಿಕೆಗಳನ್ನು ಟಿಪ್ಪಣಿ ಮಾಡಿಕೊಂಡು ಓದಿ, ಯಾವ ಪ್ರಶ್ನೆ ಉಳಿದಿದೆಯೆಂಬುದನ್ನು ಗುರುತಿಸಿ, ಆಮೇಲೆ ಆ ಪೀಠಿಕೆಯ ಕೊನೆಗೆ ಹೋಗಿ ಕೃತಜ್ಞತೆಗಳನ್ನು ನೋಡಬೇಕು. ಆ ಕೆಲಸಕ್ಕೆ ಹಣ ಕೊಟ್ಟ ಮಂಡಳಿ ಯಾವುದು, ಪ್ರತಿಷ್ಠಾನ ಯಾವುದು, ಮಾರ್ಗದರ್ಶನ ಮಾಡಿದವರು ಯಾರು, ಜೊತೆಗೆ ದುಡಿದವರು ಈಗ ಎಲ್ಲಿ ಸ್ವಂತ ತಂಡ ಕಟ್ಟುತ್ತಿದ್ದಾರೆ ಎಂಬುದೆಲ್ಲ ಅಲ್ಲಿ ದೊರೆಯುತ್ತದೆ. ಹೊಸದಾಗಿ ತಂಡ ಕಟ್ಟುತ್ತಿರುವವರಿಗೆ ವಿದ್ಯಾರ್ಥಿಗಳ ಅಗತ್ಯ ಹೆಚ್ಚು. ಅವರ ಹೆಸರುಗಳನ್ನು ಬರೆದಿಟ್ಟುಕೊಂಡು ಅವರ ಜಾಹೀರಾತುಗಳಿಗಾಗಿ ಕಾಯಬೇಕು.